ಸತ್ಯಾಂಶ: ತೆರಿಗೆ ಹಾಕಿದ ಮಾತ್ರಕ್ಕೆ ಬಿಟ್‌ಕಾಯಿನ್ ಅಧಿಕೃತ ಹಣವೇ?

‘ಸರ್ಕಾರ ಬಿಟ್‌ಕಾಯಿನ್‌ಗೆ ಶೇ. 30 ತೆರಿಗೆ ಹಾಕಿದೆ, ಅಂದರೆ ಅದೂ ರೂಪಾಯಿಯಂತೆ ಅಧಿಕೃತ ಹಣ’ ಎಂಬ ವಾಟ್ಸ್ಆ್ಯಪ್ ಸಂದೇಶ ಮತ್ತೆ ಮತ್ತೆ ಬರುತ್ತಿದೆ. ಇದು ತಪ್ಪು.

2022ರ ಬಜೆಟ್ ಹಾಕಿದ್ದು ಲಾಭದ ಮೇಲಿನ ತೆರಿಗೆ. ಲಾಭ ಬಂದರೆ ತೆರಿಗೆ ಕಟ್ಟಿ ಎಂದರೆ ಹಣವೆಂದು ಒಪ್ಪಿದಂತಲ್ಲ. ಅಂಗಡಿಯವರು ಬಿಟ್‌ಕಾಯಿನ್ ಬೇಡ ಎಂದರೆ ನೀವು ಒತ್ತಾಯ ಮಾಡುವಂತಿಲ್ಲ.

‘ಸುಪ್ರೀಂ ಕೋರ್ಟೇ ಒಪ್ಪಿದೆ’ ಎಂದೂ ಹೇಳುತ್ತಾರೆ. 2018ರಲ್ಲಿ ರಿಸರ್ವ್ ಬ್ಯಾಂಕ್, ಕ್ರಿಪ್ಟೊ (ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್‌ಗಳ) ವ್ಯವಹಾರಕ್ಕೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. 2020ರ ಮಾರ್ಚ್ 4ರಂದು ಕೋರ್ಟ್ ರದ್ದು ಮಾಡಿದ್ದು ಆ ಸುತ್ತೋಲೆಯನ್ನು, ಅಷ್ಟೇ.

ನನಗೆ ಜಾಸ್ತಿ ಆತಂಕ ತೆರಿಗೆಯ ಲೆಕ್ಕದ್ದು. ಒಂದು ಕಾಯಿನ್‌ನಲ್ಲಿ 10,000 ರೂಪಾಯಿ ಲಾಭ, ಇನ್ನೊಂದರಲ್ಲಿ ಅಷ್ಟೇ ನಷ್ಟ ಆಯಿತು ಅನ್ನಿ. ಕೈಗೆ ಏನೂ ಉಳಿಯಲಿಲ್ಲ, ಅಲ್ವಾ? ಆದರೂ ಲಾಭದ ಮೇಲೆ 3,000 ರೂಪಾಯಿ ಕಟ್ಟಬೇಕು, ಅದರ ಮೇಲೆ ಸೆಸ್ ಎಂಬ ಹೆಚ್ಚುವರಿ ಕರ ಬೇರೆ. ನಷ್ಟವನ್ನು ಕಳೆಯಲು ಕಾನೂನು ಬಿಡುವುದಿಲ್ಲ.

ರಿಸರ್ವ್ ಬ್ಯಾಂಕಿನದೇ ಡಿಜಿಟಲ್ ಹಣ ಬೇರೆ ಇದೆ, ಇ-ರೂಪಾಯಿ. 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗಾಗಿ ಅದರ ಪ್ರಯೋಗ ಶುರುವಾದ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದು. ಅದಕ್ಕೂ ಬಿಟ್‌ಕಾಯಿನ್‌ಗೂ ಸಂಬಂಧವಿಲ್ಲ.