ಎಲ್ಲಿಂದ ನೋಡೋದು ಅಂತ ಕೇಳಿದ್ದಷ್ಟೇ!

'ಸ್ಟಾರ್ ವಾರ್ಸ್ ಸಿನಿಮಾಗಳನ್ನು ಎಲ್ಲಿಂದ ಶುರು ಮಾಡಲಿ?' ಅಂತ ಯಾರಾದರೂ ಕೇಳಿದರೆ ಸಾಕು, ಅಭಿಮಾನಿಗಳ ನಡುವೆ ಜಗಳ ಹತ್ತಿಕೊಳ್ಳುತ್ತದೆ. ಒಬ್ಬರು ಬಿಡುಗಡೆಯಾದ ಕ್ರಮ ಎನ್ನುತ್ತಾರೆ. ಇನ್ನೊಬ್ಬರು ಕಥೆ ನಡೆಯುವ ಕ್ರಮ ಎನ್ನುತ್ತಾರೆ. ಮತ್ತೊಬ್ಬರು ನಾಲ್ಕು, ಐದು, ಎರಡು, ಮೂರು, ಆರು ಅಂತ ಲಾಟರಿ ನಂಬರ್ ಓದಿದ ಹಾಗೆ ಓದುತ್ತಾರೆ. ಒಂದನೇ ಭಾಗ? ಅದು ಬೇಡವಂತೆ!

ತಪ್ಪು ಅವರದ್ದೊಂದೇ ಅಲ್ಲ ಬಿಡಿ. 1977ರಲ್ಲಿ ಬಂದ ಮೊದಲ ಸಿನಿಮಾಗೆ 1981ರ ಮರುಬಿಡುಗಡೆಯಲ್ಲಿ 'ನಾಲ್ಕನೇ ಭಾಗ' ಅಂತ ಹಣೆಪಟ್ಟಿ ಹಚ್ಚಿದರು. ಒಂದನೇ ಭಾಗ ಬಂದದ್ದು 1999ರಲ್ಲಿ. 2008ರಲ್ಲಿ ಶುರುವಾದ 'ದ ಕ್ಲೋನ್ ವಾರ್ಸ್' ಅನಿಮೇಷನ್ ಸರಣಿಯ ಕಥೆಯಂತೂ ಕೇಳಲೇಬೇಡಿ. ಕಾಲಕ್ರಮದಲ್ಲಿ ನೋಡಬೇಕೆಂದರೆ ಎರಡನೇ ಸೀಸನ್ನಿನ 16ನೇ ಕಂತಿನಿಂದ ಶುರು ಮಾಡಿ, ಮೊದಲನೇ ಸೀಸನ್ನಿನ 16ನೇ ಕಂತಿಗೆ ಬಂದು, ಆಮೇಲೆ ಅದೇ ಹೆಸರಿನ ಸಿನಿಮಾ ನೋಡಬೇಕು. ಇದನ್ನೆಲ್ಲ ನೆನಪಿಟ್ಟುಕೊಂಡು ಯಾರು ನೋಡುತ್ತಾರೆ ಹೇಳಿ?

ಇಷ್ಟೆಲ್ಲ ಬಾಯಿಪಾಠ ಮಾಡಿದವರಿಗೆ 2014ರಲ್ಲಿ ಇನ್ನೊಂದು ಪೆಟ್ಟು. ಸ್ಟಾರ್ ವಾರ್ಸ್‌ನ ಹಳೆಯ ಕಾದಂಬರಿ, ಕಾಮಿಕ್ಸ್‌ಗಳನ್ನು 'ಲೆಜೆಂಡ್ಸ್' ಅಂತ ಪಕ್ಕಕ್ಕಿಟ್ಟರು. ಅವು ಇನ್ನು ಅಧಿಕೃತ ಕಥೆಗೆ ಸೇರುವುದಿಲ್ಲ. ಪಾಪ, ಅವರ ಬಗ್ಗೆ ನನಗೂ ಕನಿಕರ ಇದೆ.

ಆದರೂ ಹೊಸಬರ ಕೈಗೆ 'ಯಾವಿನ್ ಯುದ್ಧಕ್ಕೆ 19 ವರ್ಷ ಮುಂಚೆ' ಎಂಬಂಥ, ಕಥೆಯೊಳಗಿನ ಇಸವಿಗಳ ಚಾರ್ಟ್ ಯಾಕೆ ಕೊಡಬೇಕು? ಆ ಯುದ್ಧ ಯಾವುದು ಅಂತ ಗೊತ್ತಾಗೋದೇ ಆ ಮೊದಲ ಸಿನಿಮಾ ನೋಡಿದ ಮೇಲೆ ಅಲ್ವಾ! ಸುಮ್ನೆ 1977ರದ್ದು ಹಾಕಿ, ಪಕ್ಕದಲ್ಲಿ ಮಾತಾಡದೆ ಕೂತ್ಕೊಳ್ಳಿ.