ಕಾರ್ಡ್ ಎಣಿಸಿದರೆ ಸಾಲದು
ಸರ್ಕಾರಿ ಚಿಕಿತ್ಸಾ ಯೋಜನೆಯಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡ್‌ಗಳು ಇಷ್ಟೊಂದು ಜನರಿಗೆ ತಲುಪಿವೆ, ಹಾಗಾಗಿ ಯೋಜನೆ ಗೆದ್ದಿದೆ ಎಂದು ನಿಮ್ಮ ಪತ್ರಿಕೆಯ ಲೇಖನ ಹೇಳುತ್ತದೆ. ಕಾರ್ಡ್ ಸಿಗುವುದು ಬೇರೆ, ಚಿಕಿತ್ಸೆ ಸಿಗುವುದು ಬೇರೆ ಅಲ್ವಾ?

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರ) ಶೇ 30ರಷ್ಟು ಮಾತ್ರ ಸರ್ಕಾರ ಕೊಡುತ್ತದೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಎಷ್ಟೋ ಜನರಿಗೆ ಇದು ಗೊತ್ತಾಗುವುದೇ ಬಿಲ್ ಕೈಗೆ ಬಂದ ಮೇಲೆ.

ಇನ್ನು ರೆಫರಲ್. ತುರ್ತು ಪರಿಸ್ಥಿತಿ ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಪತ್ರ ಬೇಕು. ನಮ್ಮ ಬೀದಿಯ ಗಾರೆ ಕೆಲಸದವರೊಬ್ಬರು ಪತ್ರವಿಲ್ಲದೆ ನೇರವಾಗಿ ಹೋದರು. ಸ್ಟೆಂಟ್ ಹಾಕಿಸಲು ಹೆಂಡತಿಯ ಬಳೆ ಅಡವಿಡಬೇಕಾಯಿತು. ಕಾರ್ಡ್ ಜೇಬಿನಲ್ಲೇ ಇತ್ತು! ನಿಯಮ ಹೀಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಎಣಿಕೆಯಲ್ಲಿ ಅವರೂ ಸೇರುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಎಷ್ಟು ಜನರನ್ನು ವಾಪಸ್ ಕಳಿಸಿದರು, ಯಾಕೆ ಕಳಿಸಿದರು, ಕಾರ್ಡ್ ಇದ್ದೂ ಎಷ್ಟು ಜನ ಕೈಯಿಂದ ಹಣ ಕಟ್ಟಿದರು? ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ತಾಲ್ಲೂಕುವಾರು ಪ್ರತಿ ತಿಂಗಳೂ ಪ್ರಕಟಿಸಲಿ. ಜೊತೆಗೆ ಓದುಗರಲ್ಲಿ ಒಂದು ವಿನಂತಿ: ಆಸ್ಪತ್ರೆಗೆ ದಾಖಲಾಗುವ ಮೊದಲು ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ವಿಚಾರಿಸಿ.