ಸೆನುಫೊ ಜೂಲಾದ ಉಪಭಾಷೆಯಂತೆ!

ನಿನ್ನೆ ರಾತ್ರಿ ಊಟ ಮಾಡುತ್ತಾ ಒಂದು ವಿಡಿಯೋ ಹಾಕಿದ್ದೆ. ಆಫ್ರಿಕಾದ ಭಾಷೆಗಳ ಬಗ್ಗೆ, ಅದೂ ಕನ್ನಡದಲ್ಲಿ. ಖುಷಿಯಿಂದಲೇ ಕೂತೆ. ಆ ಪುಣ್ಯಾತ್ಮ ಐವರಿ ಕೋಸ್ಟಿನ ಉತ್ತರಕ್ಕೆ ಬಂದವನೇ, "ಇಲ್ಲಿ ಜೂಲಾ ಮಾತಾಡ್ತಾರೆ, ಸೆನುಫೊ ಅದರದ್ದೇ ಉಪಭಾಷೆ" ಅಂದು ಮುಂದಿನ ದೇಶಕ್ಕೆ ಹೊರಟುಬಿಟ್ಟ. ಸಾರು ಅನ್ನಕ್ಕೇ ಕೈ ತೊಳೆದೆ.

ಗೇರುಬೀಜ ಖರೀದಿಗೆ ಅಂತ ನಾನು ಮೂರು ಸೀಸನ್ ಅಲ್ಲಿನ ಕೊರೊಗೊ ಪಟ್ಟಣದ ಕಡೆ ಧೂಳು ತಿಂದಿದ್ದು ನಿಮಗೆಲ್ಲ ಗೊತ್ತೇ ಇದೆ. ಸಂತೆಯಲ್ಲಿ ಜೂಲಾ ನಡೆಯುತ್ತದೆ, ನಿಜ. ರೇಟು, ಚೌಕಾಸಿ, ಜಗಳ, ಎಲ್ಲ ಅದರಲ್ಲೇ. ಆದರೆ ನಮ್ಮ ತಕ್ಕಡಿ ಹುಡುಗ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುತ್ತಿದ್ದದ್ದು ಚೆಬಾರಾ. ಅದೊಂದು ಸೆನುಫೊ ಭಾಷೆ. ಇಂಥವು ಸುಮಾರು 15 ಇವೆ. ಮಾಲಿ, ಬುರ್ಕಿನಾ ಫಾಸೋದಲ್ಲೂ ಇವೆ. ನಫಾನ್ರಾ ಅನ್ನುವುದೊಂದು ಬಳಗ ಬಿಟ್ಟು ಘಾನಾದ ಬಂಡಾ ಸುತ್ತ ಒಂಟಿಯಾಗಿ ಕೂತಿದೆ. ಸೆನುಫೊ ಅನ್ನುವ ಹೆಸರೇ ಪಕ್ಕದ ಮಾಂಡೆ ಭಾಷೆಯವರು ಇಟ್ಟಿದ್ದು. ಜೂಲಾ ಆ ಮಾಂಡೆ ಗುಂಪಿನದೇ. ಹೆಸರಿಟ್ಟವರೆಲ್ಲ ಹೆತ್ತವರಾಗಿಬಿಡುತ್ತಾರಾ?

ಹೋಲಿಕೆ ಇಲ್ಲ ಅಂತಲ್ಲ. ಜೂಲಾದ ಒಡಹುಟ್ಟು ಬಂಬಾರಾದಲ್ಲಿ "ಮೂಸಾ ಯೆ ಜಿ ಮಿನ್" ಅಂದರೆ ಮೂಸಾ ನೀರು ಕುಡಿದ. ಜಿ ಅಂದರೆ ನೀರು, ಮಿನ್ ಅಂದರೆ ಕುಡಿ. ನಮ್ಮ ಹಾಗೇ ಕುಡಿಯುವುದು ಕೊನೆಗೆ. ಆದರೆ ಕೆಲಸ ಮುಗಿಯಿತು ಅನ್ನುವ 'ಯೆ' ಮಾತ್ರ ಮೂಸಾನ ಬೆನ್ನಿಗೇ ಅಂಟಿಕೊಳ್ಳುತ್ತದೆ. ಮಾಲಿಯ ಸುಪ್ಯಿರೆ ಅನ್ನುವ ಸೆನುಫೊ ಭಾಷೆಯಲ್ಲೂ ಪದಗಳು ಇದೇ ಸಾಲಿನಲ್ಲಿ ನಿಲ್ಲುತ್ತವೆ. ಬಂಬಾರಾದಿಂದ ಸಾಲ ತಂದ ಪದಗಳೂ ಅಲ್ಲಿ ಬೇಕಾದಷ್ಟಿವೆ.

ಆದರೆ ನಾಮಪದಕ್ಕೆ ಬನ್ನಿ. ಸುಪ್ಯಿರೆಯಲ್ಲಿ 5 ಲಿಂಗ! ಮನುಷ್ಯರಿಗೆ ಒಂದು, ದೊಡ್ಡ ವಸ್ತುಗಳ ಕಡೆಗೆ ಒಂದು, ಚಿಕ್ಕವಕ್ಕೆ ಇನ್ನೊಂದು, ಹೀಗೆ. ಗುರುತು ಪದದ ಬಾಲದಲ್ಲಿರುತ್ತದೆ. ಬಂಬಾರಾಕ್ಕೂ ಜೂಲಾಕ್ಕೂ ಈ ರಗಳೆಯೇ ಇಲ್ಲ. ಸಾಲ ತಂದವನನ್ನು ಸಾಲ ಕೊಟ್ಟವನ ಮಗ ಅನ್ನುವುದು ಯಾವ ಲೆಕ್ಕ?

ಪಂಡಿತರೇನೂ ಕಡಿಮೆಯಿಲ್ಲ. ಪೂರ್ವ ದಿಕ್ಕಿನ ಗುರ್ ಅನ್ನುವ ಭಾಷೆಗಳಲ್ಲೂ ಇಂಥ ಬಾಲ ಇದೆ ಅಂತ ಸೆನುಫೊವನ್ನು ಆ ಗುಂಪಿಗೆ ತಳ್ಳಿದರು. ಹತ್ತಾರು ವರ್ಷ ಅಲ್ಲೇ ಬಿತ್ತು. 1970ರ ದಶಕದಲ್ಲಿ ಫ್ರಾನ್ಸಿನ ಭಾಷಾವಿಜ್ಞಾನಿ ಗೇಬ್ರಿಯಲ್ ಮಾನೆಸಿ ಅದನ್ನು ಪ್ರಶ್ನಿಸಿದ ಮೇಲೆ, ಇದು ನೈಜರ್-ಕಾಂಗೋ ಅನ್ನುವ ಆಫ್ರಿಕಾದ ದೊಡ್ಡ ಭಾಷಾ ಕುಟುಂಬದ್ದೇ ಒಂದು ಬೇರೆ ಕವಲು ಅನ್ನುವವರು ಜಾಸ್ತಿಯಾದರು. ಪಾಪ, ಪಕ್ಕದಲ್ಲಿ ಯಾರಿದ್ದರೆ ಅವರ ಮನೆಗೆ ದತ್ತು!

"ಮಾತಾಡುವವರಿಗೆ ಇದರಿಂದ ಏನಾಗಬೇಕು, ವ್ಯಾಪಾರ ನಡೆದರೆ ಸಾಕಲ್ವಾ?" ಅಂತ ಭಾವ ಕೇಳಿದರು. ಅವರಿಗೆ ತುಳು ಕನ್ನಡದ ಉಪಭಾಷೆ ಅಂದು ನೋಡಿ. ಊಟದ ಎಲೆ ಬಿಟ್ಟು ಎದ್ದು ಬರುತ್ತಾರೆ.

ಇಷ್ಟೆಲ್ಲ ಹಾರಾಡಿದ ಮೇಲೆ ಒಂದು ಮಾತು ಹೇಳಲೇಬೇಕು. ಮೊದಲ ಸೀಸನ್ನಿನಲ್ಲಿ ನಾನೂ ಅವರೆಲ್ಲ ಜೂಲಾದವರೇ ಅಂದುಕೊಂಡಿದ್ದೆ. ಒಂದು ಸಂಜೆ ಆ ತಕ್ಕಡಿ ಹುಡುಗ, ನೀವು ಅಮ್ಮನ ಹತ್ತಿರ ಯಾವ ಭಾಷೆ ಮಾತಾಡ್ತೀರಿ ಅಂತ ಕೇಳಿದ. ಸುಸ್ತಾಗಿತ್ತು. ಸುಮ್ನೆ ಯಾರು ವಿವರಿಸೋದು ಅಂತ "ಹಿಂದಿ" ಅಂದುಬಿಟ್ಟೆ. ಅವನು ನಂಬಿದ. ನಮ್ಮ ಅಮ್ಮನಿಗೆ ಹಿಂದಿಯಲ್ಲಿ ಹತ್ತರ ಮೇಲೆ ಎಣಿಸೋಕೂ ಬರುವುದಿಲ್ಲ.